ಹೊಲದಲ್ಲಿ ಬಿದ್ದ ಬಿಳಿ ಡಬ್ಬಿ: ಏನದು, ಯಾರದು, ಸಿಕ್ಕರೆ ಏನು ಮಾಡಬೇಕು?



ಬೆಳಗಿನ ಹೊತ್ತು ಹೊಲಕ್ಕೆ ಹೋದವರಿಗೆ ಬದುವಿನ ಜಾಲಿಗಿಡದಲ್ಲಿ ಒಂದು ಬಿಳಿ ಡಬ್ಬಿ ನೇತಾಡುವುದು ಕಾಣುತ್ತದೆ ಎಂದಿಟ್ಟುಕೊಳ್ಳಿ. ಅಂಗೈಯಷ್ಟು ಡಬ್ಬಿ, ಅದರಿಂದ ಹೊರಚಾಚಿದ ತೆಳುವಾದ ಪಟ್ಟಿ, ಉದ್ದನೆಯ ದಾರ, ದಾರದ ತುದಿಯಲ್ಲಿ ಹರಿದ ರಬ್ಬರು. ಒಳಗೆ ಚಿಕ್ಕದೊಂದು ದೀಪ ಮಿಣುಕುತ್ತಿದೆ. ಅರ್ಧ ಗಂಟೆಯಲ್ಲಿ ಅದರ ಫೋಟೊ ಊರಿನ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳನ್ನು ಸುತ್ತಿ ಬರುತ್ತದೆ. ಬಾಂಬು ಎನ್ನುವವರು ಕೆಲವರು, ಬೇಹುಗಾರಿಕೆಯ ಯಂತ್ರ ಎನ್ನುವವರು ಕೆಲವರು. ಒಳಗೆ ಏನೋ ಬೆಲೆಬಾಳುವುದಿದೆ ಎಂದು ಸ್ಕ್ರೂಡ್ರೈವರ್ ತರುವವರೂ ಇರುತ್ತಾರೆ.

ಆಕಾಶದಿಂದ ಹೀಗೆ ಇಳಿದು ಬರುವ ಯಂತ್ರಗಳು ಸಾಮಾನ್ಯವಾಗಿ ಹವಾಮಾನ ವೀಕ್ಷಣೆಗೋ ವಿಜ್ಞಾನದ ಪ್ರಯೋಗಕ್ಕೋ ಸೇರಿದವು. ಅವುಗಳ ಗುರುತು ಹಚ್ಚುವುದು ಕಷ್ಟವಲ್ಲ. ಆದರೆ ಗುರುತು ಸಿಗುವವರೆಗೆ ಕೈ ಹಚ್ಚದೆ ಇರುವುದೇ ಮುಖ್ಯ. ಯಾಕೆಂಬುದನ್ನು ಈ ಲೇಖನದಲ್ಲಿ ವಿವರಿಸಿದ್ದೇವೆ.

ದಿನಕ್ಕೆರಡು ಬಾರಿ ಹಾರುವ ಬಲೂನು

ಮೇಲೆ ಹೇಳಿದ ಚಿಕ್ಕ ಡಬ್ಬಿಯ ಹೆಸರು ರೇಡಿಯೋಸಾಂಡ್. ನೂರಿನ್ನೂರು ಗ್ರಾಂ ತೂಗುವ ಈ ಯಂತ್ರವನ್ನು ಜಲಜನಕ ತುಂಬಿದ ರಬ್ಬರ್ ಬಲೂನಿಗೆ ಕಟ್ಟಿ ಹಾರಿಬಿಡುತ್ತಾರೆ. ಅದು ನಿಮಿಷಕ್ಕೆ ಸುಮಾರು 300 ಮೀಟರ್‌ನಂತೆ ಏರುತ್ತ ಉಷ್ಣತೆ, ತೇವಾಂಶ, ಗಾಳಿಯ ಒತ್ತಡ ಇವುಗಳನ್ನು ಅಳೆದು ರೇಡಿಯೋ ಅಲೆಗಳ ಮೂಲಕ ಕೆಳಗಿನ ಕೇಂದ್ರಕ್ಕೆ ತಿಳಿಸುತ್ತದೆ. ಡಬ್ಬಿ ಯಾವ ಕಡೆಗೆ ಎಷ್ಟು ವೇಗವಾಗಿ ತೇಲಿತು ಎಂಬುದರಿಂದ ಗಾಳಿಯ ದಿಕ್ಕು ಮತ್ತು ವೇಗ ತಿಳಿಯುತ್ತವೆ. ಹೊರಗೆ ಚಾಚಿದ ತೆಳು ಪಟ್ಟಿಯೇ ಉಷ್ಣತೆ ಮತ್ತು ತೇವಾಂಶ ಅಳೆಯುವ ಭಾಗ.

ಮೇಲೆ ಹೋದಂತೆ ಹೊರಗಿನ ಒತ್ತಡ ಕಡಿಮೆಯಾಗಿ ಬಲೂನು ಹಿಗ್ಗುತ್ತ ಹೋಗುತ್ತದೆ. ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ಮೇಲಿನದರ ನೂರರಲ್ಲೊಂದು ಪಾಲು ಮಾತ್ರ. ಅಲ್ಲೆಲ್ಲೋ ಬಲೂನು ಒಡೆದು ಯಂತ್ರ ಕೆಳಗಿಳಿಯುತ್ತದೆ. ಎಲ್ಲಿ ಇಳಿಯಬೇಕೆಂಬುದನ್ನು ಗಾಳಿಯೇ ನಿರ್ಧರಿಸುತ್ತದೆ. ಜಿಲ್ಲೆಯ ಗಡಿ, ರಾಜ್ಯದ ಗಡಿ ಅದಕ್ಕೆ ಲೆಕ್ಕಕ್ಕಿಲ್ಲ.

1929ರಲ್ಲಿ ಫ್ರಾನ್ಸಿನ ರಾಬರ್ ಬ್ಯೂರೊ, 1930ರಲ್ಲಿ ಸೋವಿಯತ್ ರಷ್ಯಾದ ಪಾವೆಲ್ ಮೊಲ್ಚಾನೋವ್ ಇಂಥ ಯಂತ್ರಗಳನ್ನು ಮೊದಲು ಹಾರಿಸಿದರು. ಇಂದು ಜಗತ್ತಿನಾದ್ಯಂತ ನೂರಾರು ಕೇಂದ್ರಗಳು ಒಂದೇ ಹೊತ್ತಿನ ವೀಕ್ಷಣೆಗಾಗಿ ಬಲೂನು ಬಿಡುತ್ತವೆ. ಆ ಹೊತ್ತು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5.30 ಮತ್ತು ಸಂಜೆ 5.30. ಭಾರತದ ಹವಾಮಾನ ಇಲಾಖೆಗೆ ಇಂಥ 50ಕ್ಕೂ ಹೆಚ್ಚು ಕೇಂದ್ರಗಳಿವೆ. ನಮ್ಮ ಸುತ್ತಮುತ್ತಲ ರಾಜ್ಯಗಳಲ್ಲಿ ಹೈದರಾಬಾದ್, ಗೋವಾ, ಮಂಗಳೂರು, ಬೆಂಗಳೂರುಗಳಲ್ಲಿ ಅವು ಇವೆ.

ಜತ್ತ ಬರದ ತಾಲೂಕು. ಶೆಡ್ಡಿನಲ್ಲಿ ಒಣದ್ರಾಕ್ಷಿಗೆಂದು ಹರವಿದ ಹಣ್ಣಿನ ಮೇಲೆ ಅಕಾಲದ ಮಳೆ ಬಿದ್ದರೆ ವರ್ಷದ ದುಡಿಮೆ ಹೋಗುತ್ತದೆ. ದಾಳಿಂಬೆ ಬೆಳೆದವರ ಪಾಡೂ ಅದೇ. ಎರಡು ದಿನ ಮೊದಲೇ ಮೋಡದ ಸುದ್ದಿ ಸಿಗುತ್ತದೆಂದರೆ ಅದರ ಹಿಂದೆ ಈ ಬಿಳಿ ಡಬ್ಬಿಗಳ ಲೆಕ್ಕವೂ ಇರುತ್ತದೆ.

ಹೈದರಾಬಾದಿನಿಂದ ಬರುವ ದೊಡ್ಡ ಬಲೂನು

ಇನ್ನೊಂದು ಬಗೆಯದು ಬಹಳ ದೊಡ್ಡದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ಹೈದರಾಬಾದಿನಲ್ಲಿ 1969ರಿಂದ ಬಲೂನು ಕೇಂದ್ರವೊಂದನ್ನು ನಡೆಸುತ್ತಿದೆ. ಅಲ್ಲಿಂದ ಹಾರುವ ಬಲೂನುಗಳು ತೆಳು ಪಾಲಿಥೀನ್ ಹಾಳೆಯವು. ಪೂರ್ತಿ ಹಿಗ್ಗಿದಾಗ ಅಡ್ಡಳತೆ 50ರಿಂದ 85 ಮೀಟರ್. ಕಿಲೋಗಟ್ಟಲೆ ತೂಕದ ಉಪಕರಣಗಳನ್ನು ಹೊತ್ತು 30ರಿಂದ 42 ಕಿಲೋಮೀಟರ್ ಎತ್ತರಕ್ಕೆ ಏರುತ್ತವೆ. ಕೆಲಸ ಮುಗಿದ ಮೇಲೆ ಉಪಕರಣಗಳು ಬಣ್ಣದ ದೊಡ್ಡ ಪ್ಯಾರಾಶೂಟಿನ ಆಸರೆಯಲ್ಲಿ ನೆಲಕ್ಕಿಳಿಯುತ್ತವೆ.

ಹಾರಾಟಕ್ಕೆ ಮುನ್ನ ಸಂಸ್ಥೆ ಹೊರಡಿಸುವ ಸಾರ್ವಜನಿಕ ಸೂಚನೆಯ ಪ್ರಕಾರ ಇವು ಹೈದರಾಬಾದಿನಿಂದ 200-350 ಕಿಲೋಮೀಟರ್ ದೂರದವರೆಗೆ, ಸುಮಾರಾಗಿ ವಿಶಾಖಪಟ್ಟಣ-ಹೈದರಾಬಾದ್-ಸೊಲ್ಲಾಪುರ ಗೆರೆಯಲ್ಲಿ ಇಳಿಯಬಹುದು. ಜತ್ತ ಪಟ್ಟಣ ಹೈದರಾಬಾದಿನಿಂದ ನೇರ ಗೆರೆಯಲ್ಲಿ ಸುಮಾರು 350 ಕಿಲೋಮೀಟರ್. ಉಮದಿ, ಸಂಖ ಕಡೆಯ ಪೂರ್ವಭಾಗದ ಊರುಗಳು ಇನ್ನೂ ಹತ್ತಿರ. ಸೊಲ್ಲಾಪುರ ಮತ್ತು ವಿಜಯಪುರ ಜಿಲ್ಲೆಗಳು ತಾಲೂಕಿಗೆ ಹೊಂದಿಕೊಂಡೇ ಇವೆ. ಆದ್ದರಿಂದ ಈ ವಿಷಯ ನಮಗೆ ದೂರದ್ದಲ್ಲ.

2025ರ ಜನವರಿ 18ರ ಬೆಳಿಗ್ಗೆ ಬೀದರ್ ಜಿಲ್ಲೆ ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಇಂಥ ಬಲೂನೊಂದು ಉಪಕರಣದ ಸಮೇತ ಇಳಿಯಿತು. ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯ ವಿಗ್ರಹಕ್ಕೆ ಹೆಸರಾದ ಊರದು. ಮನೆಗಳ ನಡುವೆ ಬಂದುಬಿದ್ದ ಯಂತ್ರವನ್ನು ಕಂಡು ಜನ ಗಾಬರಿಯಾದದ್ದು ಸಹಜ. ಪೊಲೀಸರಿಗೆ ಸುದ್ದಿ ಮುಟ್ಟಿತು, ಅದು ಟಿಐಎಫ್‌ಆರ್ ಹಾರಿಸಿದ ಬಲೂನು ಎಂದು ತಿಳಿಯಿತು. ಅದಕ್ಕೂ ಮೊದಲು, 2022ರ ಡಿಸೆಂಬರಿನಲ್ಲಿ, ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಹೊಲವೊಂದರಲ್ಲಿ ಕೋಣೆಯಷ್ಟು ದೊಡ್ಡ ಯಂತ್ರ ಇಳಿದಾಗ ಅನ್ಯಲೋಕದ ವಾಹನ ಬಂದಿದೆ ಎಂಬ ಸುದ್ದಿ ಹಬ್ಬಿತ್ತು. ಮುಂದೆ ಪ್ರವಾಸಿಗರನ್ನು ಬಲೂನಿನಲ್ಲಿ ಮೇಲಕ್ಕೆ ಒಯ್ಯಬೇಕೆಂದಿರುವ ಸ್ಪೇನ್ ದೇಶದ ಕಂಪನಿಯೊಂದು ಹೈದರಾಬಾದಿನ ಅದೇ ಕೇಂದ್ರದಿಂದ ನಡೆಸಿದ ಪರೀಕ್ಷೆ ಅದಾಗಿತ್ತು.

ಬಿಚ್ಚಿದರೆ ಹಾಳಾಗುವುದೇನು?

ರೇಡಿಯೋಸಾಂಡ್ ತನ್ನ ಮಾಹಿತಿಯನ್ನು ಹಾರುವಾಗಲೇ ಕಳಿಸಿರುತ್ತದೆ. ದೊಡ್ಡ ಬಲೂನಿನ ಉಪಕರಣಗಳ ಮಾತು ಬೇರೆ. ಎಷ್ಟೋ ಬಾರಿ ಪ್ರಯೋಗದ ಫಲ ಆ ಪೆಟ್ಟಿಗೆಯೊಳಗೇ ಇರುತ್ತದೆ.

ಒಂದು ಉದಾಹರಣೆ ನೋಡಿ. ನಮ್ಮ ನೆರೆಯ ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಜಯಂತ ನಾರಳೀಕರ ಅವರ ನೇತೃತ್ವದಲ್ಲಿ, ಇಸ್ರೋ ನೆರವಿನೊಂದಿಗೆ, ಮೇಲಿನ ವಾತಾವರಣದಲ್ಲಿ ಸೂಕ್ಷ್ಮಜೀವಿಗಳಿವೆಯೇ ಎಂಬ ಹುಡುಕಾಟ ನಡೆಯಿತು. 2005ರ ಏಪ್ರಿಲಿನಲ್ಲಿ ಹೈದರಾಬಾದಿನಿಂದ ಹಾರಿದ ಬಲೂನು 459 ಕಿಲೋ ಉಪಕರಣ ಹೊತ್ತಿತ್ತು. ಅದರಲ್ಲಿ ಒಳಗಿನ ಗಾಳಿಯನ್ನೆಲ್ಲ ತೆಗೆದು ಶುದ್ಧಗೊಳಿಸಿದ 16 ಉಕ್ಕಿನ ಕೊಳವೆಗಳಿದ್ದವು. 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ತುಂಬಿಕೊಂಡು ಅವು ಪ್ಯಾರಾಶೂಟಿನಲ್ಲಿ ಇಳಿದವು. ಪ್ರಯೋಗಾಲಯದಲ್ಲಿ ತೆರೆದು ಪರೀಕ್ಷಿಸಿದಾಗ ಅಲ್ಲಿಯವರೆಗೆ ಎಲ್ಲೂ ಗುರುತಿಸದ ಮೂರು ಬ್ಯಾಕ್ಟೀರಿಯಾ ಪ್ರಭೇದಗಳು ಸಿಕ್ಕಿವೆ ಎಂದು 2009ರ ಮಾರ್ಚಿನಲ್ಲಿ ಇಸ್ರೋ ಪ್ರಕಟಿಸಿತು. ಅವುಗಳಲ್ಲಿ ಒಂದಕ್ಕೆ ಆರ್ಯಭಟನ ಹೆಸರು, ಇನ್ನೊಂದಕ್ಕೆ ಇಸ್ರೋ ಹೆಸರು, ಮತ್ತೊಂದಕ್ಕೆ ನಾರಳೀಕರ ಅವರ ಗುರು ಫ್ರೆಡ್ ಹಾಯ್ಲ್ ಅವರ ಹೆಸರು ಇಟ್ಟರು.

ಇಳಿದ ಜಾಗದಲ್ಲಿ ಯಾರಾದರೂ ಒಂದು ಕೊಳವೆಯನ್ನು ತಿರುಗಿಸಿ ನೋಡಿದ್ದರೆ ಹೊಲದ ಗಾಳಿಯೂ ಕೈಯ ಬೆವರೂ ಒಳಗೆ ಸೇರುತ್ತಿದ್ದವು. ಆಮೇಲೆ ಸಿಕ್ಕ ಜೀವಿ ಆಕಾಶದ್ದೋ ಎರೆಹೊಲದ್ದೋ ಎಂದು ಹೇಳಲು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ. ವರ್ಷಗಳ ಶ್ರಮ ಒಂದು ನಿಮಿಷದ ಕುತೂಹಲಕ್ಕೆ ಹೋಗುತ್ತಿತ್ತು.

ಅಪಾಯ ನಮಗೂ ಇದೆ. ಕೆಲವು ಉಪಕರಣಗಳಲ್ಲಿ ಹೆಚ್ಚು ವೋಲ್ಟೇಜಿನ ವಿದ್ಯುತ್ ಇರುತ್ತದೆ, ಮುಟ್ಟಬಾರದು ಎಂದು ಟಿಐಎಫ್‌ಆರ್ ಸೂಚನೆಯೇ ಹೇಳುತ್ತದೆ. ಜಜ್ಜಿದ ಲಿಥಿಯಂ ಸೆಲ್ಲು ಹೊತ್ತಿಕೊಳ್ಳಬಹುದು. ಜಲಜನಕ ಬೇಗ ಉರಿಯುವ ಅನಿಲ. ಬಲೂನಿನ ಮಡಿಕೆಗಳಲ್ಲಿ ಅದು ಸ್ವಲ್ಪ ಉಳಿದಿರಬಹುದಾದ್ದರಿಂದ ಹತ್ತಿರ ಬೀಡಿ, ಕಡ್ಡಿಪೆಟ್ಟಿಗೆ ಬೇಡ.

ಭಂಗಾರಕ್ಕೆ ಹಾಕುವ ಮುನ್ನ

ಸಿಕ್ಕ ಯಂತ್ರ ಬಲೂನಿನದ್ದೇ ಆಗಿರಬೇಕೆಂದಿಲ್ಲ. ಹಳೆ ಕಟ್ಟಡದಲ್ಲಿ, ರಸ್ತೆ ಬದಿಯಲ್ಲಿ, ಗುಜರಿಯ ರಾಶಿಯಲ್ಲಿ ಸಿಕ್ಕದ್ದೂ ಆಗಿರಬಹುದು. ಅಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು.

2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಯಂತ್ರವೊಂದು ಹರಾಜಾಗಿ ಮಾಯಾಪುರಿಯ ಗುಜರಿ ಅಂಗಡಿಗೆ ಹೋಯಿತು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ಪದಾರ್ಥವಿತ್ತು. ಬಿಚ್ಚಿ ತುಂಡು ಮಾಡಿದವರಿಗೆ ಅದು ಗೊತ್ತಿರಲಿಲ್ಲ. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ಹೊತ್ತೊಯ್ದ ಯಂತ್ರದೊಳಗೆ ನೀಲಿಯಾಗಿ ಹೊಳೆಯುವ ಪುಡಿ ಸಿಕ್ಕಿತು. ಚೆಂದ ಕಂಡದ್ದಕ್ಕೆ ಅದನ್ನು ಮನೆಮಂದಿಗೆ ಹಂಚಿದರು. ನಾಲ್ವರು ಸತ್ತರು, ಅವರಲ್ಲಿ ಆರು ವರ್ಷದ ಹುಡುಗಿಯೂ ಒಬ್ಬಳು. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಟ್ಟಿದಾಗ ಬಿಸಿಯೂ ತಾಗಬೇಕೆಂದಿಲ್ಲ. ಹಳದಿ ಹಿನ್ನೆಲೆಯಲ್ಲಿ ಫ್ಯಾನಿನ ಮೂರು ರೆಕ್ಕೆಗಳಂಥ ಗುರುತು ಕಂಡರೆ, ಇಲ್ಲವೇ ಗಾತ್ರಕ್ಕೆ ಮೀರಿ ಭಾರವಾದ ಸೀಸದ ಡಬ್ಬಿ ಸಿಕ್ಕರೆ, ಅಲ್ಲಿಂದ ದೂರ ಸರಿಯಬೇಕು.

ಗುರುತಿಸುವುದು ಹೇಗೆ?

ದೂರದಿಂದಲೇ, ಮುಟ್ಟದೆ, ಈ ನಾಲ್ಕು ಸಂಗತಿಗಳನ್ನು ಗಮನಿಸಿ.

1. ಬರಹ. ವಿಜ್ಞಾನದ ಉಪಕರಣಕ್ಕೆ ಸಾಮಾನ್ಯವಾಗಿ ಚೀಟಿ ಇರುತ್ತದೆ: ಸಂಸ್ಥೆಯ ಹೆಸರು, ವಿಳಾಸ, ಫೋನ್ ನಂಬರು. ಕ್ಯಾಮೆರಾದಲ್ಲಿ ಹತ್ತಿರಕ್ಕೆ ಎಳೆದು ಫೋಟೊ ತೆಗೆದರೆ ಓದಬಹುದು.

2. ಜೊತೆಯಲ್ಲಿರುವುದು. ದಾರ ಮತ್ತು ರಬ್ಬರಿನ ಚೂರು ಇದ್ದರೆ ಹವಾಮಾನದ ಬಲೂನು. ಬಣ್ಣದ ಪ್ಯಾರಾಶೂಟ್, ರಾಶಿ ಪ್ಲಾಸ್ಟಿಕ್ ಹಾಳೆ ಇದ್ದರೆ ಹೈದರಾಬಾದಿನ ದೊಡ್ಡ ಬಲೂನು ಇರಬಹುದು.

3. ಹಕ್ಕಿ. ಸತ್ತ ಹಕ್ಕಿಯ ಕಾಲಿನಲ್ಲಿ ಉಂಗುರ ಅಥವಾ ಬೆನ್ನ ಮೇಲೆ ಚಿಕ್ಕ ಯಂತ್ರ ಇದ್ದರೆ ಅದು ಹೆಚ್ಚಾಗಿ ವಲಸೆಯ ಅಧ್ಯಯನದ್ದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಾಕುವ ಉಂಗುರದ ಮೇಲೆ ಅದರ ಹೆಸರೂ ಒಂದು ಸಂಖ್ಯೆಯೂ ಇರುತ್ತವೆ. ಅರಣ್ಯ ಇಲಾಖೆಗೆ ತಿಳಿಸಿ.

4. ಜಾಗ. ಬಸ್ ನಿಲ್ದಾಣ, ಸಂತೆ, ಜಾತ್ರೆಯಂಥ ಜನ ಸೇರುವ ಕಡೆ ವಾರಸುದಾರರಿಲ್ಲದೆ ಬಿದ್ದ ರೇಡಿಯೋ, ಟಿಫಿನ್ ಡಬ್ಬಿ, ಚೀಲ ಇದ್ದರೆ ಗುರುತಿಸಲು ಹೋಗಲೇಬೇಡಿ. 1985ರ ಮೇ ತಿಂಗಳಲ್ಲಿ ದೆಹಲಿ ಸುತ್ತಮುತ್ತ ಟ್ರಾನ್ಸಿಸ್ಟರ್‌ಗಳಲ್ಲಿ ಬಾಂಬ್ ಇಟ್ಟಿದ್ದನ್ನು ಹಿರಿಯರು ಮರೆತಿರಲಿಕ್ಕಿಲ್ಲ. ಜನರನ್ನು ದೂರ ಸರಿಸಿ ಪೊಲೀಸರನ್ನು ಕರೆಯಿರಿ.

ಸಿಕ್ಕಾಗ ಮಾಡಬೇಕಾದದ್ದು

ಮಕ್ಕಳನ್ನೂ ದನಕರುಗಳನ್ನೂ ದೂರವಿಡಿ. ಪ್ಲಾಸ್ಟಿಕ್, ರಬ್ಬರು ತಿಂದರೆ ಕುರಿ, ದನಗಳ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ದಾರವೋ ಪ್ಯಾರಾಶೂಟೋ ವಿದ್ಯುತ್ ತಂತಿಗೆ ಸಿಕ್ಕಿದ್ದರೆ ಎಳೆಯಬೇಡಿ, ಮಹಾವಿತರಣದ ಲೈನ್‌ಮನ್‌ಗೆ ಹೇಳಿ. ಊರಿನ ಪೊಲೀಸ್ ಪಾಟೀಲರಿಗೆ ಅಥವಾ ತಲಾಠಿಯವರಿಗೆ ತಿಳಿಸಿ, ಇಲ್ಲವೇ 112ಕ್ಕೆ ಫೋನ್ ಮಾಡಿ. ಗಡಿಯ ಈಚೆ, ಆಚೆ ಎರಡೂ ಕಡೆ ಅದೇ ನಂಬರು. ಸಿಕ್ಕ ಸಮಯ, ಜಾಗ, ಗಟ್ ನಂಬರು ಬರೆದಿಟ್ಟುಕೊಳ್ಳಿ. ಪ್ಲಾಸ್ಟಿಕ್ ಹಾಳೆ ಬಣವೆಗೆ ಹೊದಿಸಲು ಬರುತ್ತದೆ ಎಂದು ಕತ್ತರಿಸಬೇಡಿ. ಉಪಕರಣವನ್ನು ಇದ್ದಂತೆಯೇ ಒಪ್ಪಿಸಿದವರಿಗೆ ಬಹುಮಾನವನ್ನೂ ತಗಲಿದ ಖರ್ಚನ್ನೂ ಕೊಡುವುದಾಗಿ, ಬಿಚ್ಚಿದ್ದರೆ ಬಹುಮಾನವಿಲ್ಲವೆಂದು ಟಿಐಎಫ್‌ಆರ್ ಸೂಚನೆಯಲ್ಲಿದೆ.

ನಮ್ಮ ಮನೆಗಳಲ್ಲಿ ಮರಾಠಿ ಅಷ್ಟಾಗಿ ಬಾರದ ಹಿರಿಯರು ಇದ್ದಾರೆ. ಹೊಲದಲ್ಲಿ ಒಬ್ಬರೇ ಇರುವವರೂ ಅವರೇ. ಅವರಿಗಾಗಿ ಈ ಮೂರು ವಾಕ್ಯ: "ಆಮಚ್ಯಾ ಶೇತಾತ ಏಕ ಅನೋಳಖೀ ಯಂತ್ರ ಪಡಲೇ ಆಹೇ. ಕೋಣೀಹಿ ಹಾತ ಲಾವಲೇಲಾ ನಾಹೀ. ಲವಕರ ಯಾ." ಅಂದರೆ, ನಮ್ಮ ಹೊಲದಲ್ಲಿ ಗುರುತಿಲ್ಲದ ಯಂತ್ರವೊಂದು ಬಿದ್ದಿದೆ, ಯಾರೂ ಮುಟ್ಟಿಲ್ಲ, ಬೇಗ ಬನ್ನಿ.

ಸುದ್ದಿ ಹಬ್ಬಿಸುವ ಮುನ್ನ

ಗುರುತಿಲ್ಲದ್ದನ್ನು ಕಂಡಾಗ ಗಾಬರಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. 2022ರ ಸೆಪ್ಟೆಂಬರಿನಲ್ಲಿ ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ಉತ್ತರ ಪ್ರದೇಶದ ನಾಲ್ವರು ಸಾಧುಗಳನ್ನು ಜತ್ತ ತಾಲೂಕಿನ ಲವಂಗಾ ಗ್ರಾಮದಲ್ಲಿ ಮಕ್ಕಳ ಕಳ್ಳರೆಂದು ತಿಳಿದು ಹೊಡೆದರು. ಅವರು ದಾರಿ ಕೇಳಿದ್ದರು, ಅಷ್ಟೆ. ಪೊಲೀಸರು ವಿಚಾರಿಸಿದಾಗ ನಿಜವಾದ ಸಾಧುಗಳೆಂದು ತಿಳಿಯಿತು. ಅಷ್ಟರಲ್ಲಿ ಪೆಟ್ಟು ಬಿದ್ದಾಗಿತ್ತು.

ಯಂತ್ರದ ವಿಷಯದಲ್ಲೂ ಅಪಾಯ ಇದೇ. "ಬಾಂಬು ಸಿಕ್ಕಿದೆ" ಎಂಬ ಒಂದು ಸಂದೇಶ ಹೊರಟರೆ, ಆ ದಿನ ಊರಿಗೆ ಬಂದ ಹೊಸಬರ ಮೇಲೆ ಅನುಮಾನ ತಿರುಗಲು ಹೊತ್ತು ಬೇಕಾಗುವುದಿಲ್ಲ. ಆದ್ದರಿಂದ ಫೋಟೊವನ್ನು ಮೊದಲು ಪೊಲೀಸರಿಗೆ ಕಳಿಸಿ. ಅವರಿಂದ ಉತ್ತರ ಬಂದ ಮೇಲೆ ಬೇಕಾದರೆ ಗುಂಪಿಗೆ ಹಾಕಿ, ಉತ್ತರದ ಸಮೇತ ಹಾಕಿ.

ಸದಸ್ಯರಲ್ಲಿ ಒಂದು ವಿನಂತಿ. ತಮ್ಮ ಊರಿನ ಕನ್ನಡ ಶಾಲೆಯ ಗುರುಗಳಿಗೆ ಈ ಲೇಖನವನ್ನು ತಲುಪಿಸಿ, ಪ್ರಾರ್ಥನೆಯ ಹೊತ್ತಿನಲ್ಲಿ ಒಮ್ಮೆ ಮಕ್ಕಳಿಗೆ ಓದಿ ಹೇಳುವಂತೆ ಕೇಳಿಕೊಳ್ಳಿ. ಕುರಿ ಕಾಯಲು, ಹುಣಸೆಹಣ್ಣು ಆರಿಸಲು ಬದುವಿನುದ್ದಕ್ಕೂ ಓಡಾಡುವವರು ಅವರೇ. ಇಂಥ ವಸ್ತು ಮೊದಲು ಸಿಗುವುದೂ ಅವರಿಗೇ.