ಶ್ರೀನಿವಾಸಸಾಗರದ ಕೋಡಿ

ನಂದಿಯ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾವು ಉಪಾಧ್ಯಾಯರಾಗಿದ್ದ ಕಾಲದ ಮಾತಿದು. ಅಂದು ಭೂಗೋಳದ ಪಾಠ. ಕಪ್ಪುಹಲಗೆಯ ನಡುವೆ ಬೆಟ್ಟದ ಗುರುತನ್ನು ಬರೆದು, ಅಲ್ಲಿಂದ ದಿಕ್ಕುದಿಕ್ಕಿಗೆ ಗೆರೆಗಳನ್ನೆಳೆದು, ಈ ಗಿರಿಶ್ರೇಣಿಯೇ ನದಿಗಳ ತವರುಮನೆಯೆಂದು ಅಭಿಮಾನದಿಂದ ವಿವರಿಸುತ್ತಿದ್ದೆವು. ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮೇಲೆ ಹಾದು, ಆಂಧ್ರದೇಶವನ್ನು ದಾಟಿ, ನೆಲ್ಲೂರಿನ ಆಚೆ ಕಡಲನ್ನು ಸೇರುವಳು. ದಕ್ಷಿಣ ಪಿನಾಕಿನಿಯು ಹೊಸಕೋಟೆಯ ಕಡೆಯಿಂದ ತಮಿಳುನಾಡಿಗಿಳಿದು ಕಡಲೂರಿನ ಬಳಿ ಸಮುದ್ರಗಾಮಿನಿಯಾಗುವಳು. ಅರ್ಕಾವತಿಯು ಕನಕಪುರದ ಆಚೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುವಳು. ಚಿತ್ರಾವತಿಯೂ ಪಾಪಘ್ನಿಯೂ ಪೂರ್ವೋತ್ತರಕ್ಕೆ ಹರಿದು ಕಡೆಗೆ ಉತ್ತರ ಪಿನಾಕಿನಿಯಲ್ಲಿಯೇ ಬೆರೆಯುವವು. ಇಷ್ಟನ್ನು ಹೇಳಿ ನಾವು ಸೀಮೆಸುಣ್ಣವನ್ನು ಕೆಳಗಿಟ್ಟೊಡನೆ, ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಇಷ್ಟು ನದಿಗಳು ನಮ್ಮ ಬೆಟ್ಟದಲ್ಲೇ ಹುಟ್ಟಿದರೆ, ನಮ್ಮಮ್ಮ ದಿನವೂ ಎರಡು ಮೈಲಿ ನಡೆದು ನೀರು ತರುವುದು ಏತಕ್ಕೆ?” ಎಂದು ಕೇಳಿದನು.

“ಹುಟ್ಟಿದ ಹೆಣ್ಣುಮಕ್ಕಳು ಅತ್ತೆಯ ಮನೆಗೆ ಹೋಗುವುದು ಲೋಕರೂಢಿಯಲ್ಲವೇನಪ್ಪ?” ಎಂದೆವು. ತರಗತಿಯೆಲ್ಲ ನಕ್ಕಿತು. ಆ ಹುಡುಗನೊಬ್ಬನು ಮಾತ್ರ ನಗಲಿಲ್ಲ. ಚಮತ್ಕಾರದಿಂದ ಮಾತು ಮುಗಿಯಿತೇ ಹೊರತು ಪ್ರಶ್ನೆಗೆ ಉತ್ತರವಾಗಲಿಲ್ಲವೆಂಬುದು ಅವನಿಗೂ ತಿಳಿದಿತ್ತು, ನಮಗೂ ತಿಳಿದಿತ್ತು. ನಿವೃತ್ತರಾದ ಮೇಲೆಯೂ ಆ ಮುಖವು ಆಗಾಗ ನಮ್ಮ ಕಣ್ಣ ಮುಂದೆ ಬರುವುದುಂಟು.

2022ರ ದಸರೆಯ ರಜೆಯಲ್ಲಿ ಮಗಳೂ ಒಂಬತ್ತು ವರ್ಷದ ಮೊಮ್ಮಗನೂ ಬಂದಿದ್ದರು. ಆ ವರ್ಷ ಮಳೆಯು ನಮ್ಮ ಸೀಮೆಯಲ್ಲಿ ಧಾರಾಳವಾಗಿ ಸುರಿದು, ಚಿಕ್ಕಬಳ್ಳಾಪುರಕ್ಕೆ ಸಮೀಪದಲ್ಲಿ ಬೆಟ್ಟಗಳ ಮಡಿಲಿನಲ್ಲಿರುವ ಶ್ರೀನಿವಾಸಸಾಗರವು ತುಂಬಿ ಕೋಡಿ ಹರಿಯುತ್ತಿತ್ತು. ಮನೆಯವರೆಲ್ಲರೂ ಹೋಗಿ ನೋಡಿಬರುವುದೆಂದು ನಿಶ್ಚಯವಾಯಿತು. ಬುತ್ತಿಯನ್ನು ಕಟ್ಟಿಕೊಂಡು ಬೆಳಗಿನ ತಂಪಿನಲ್ಲಿಯೇ ಹೊರಟೆವು.

ಮೊದಲು ನಂದಿ ಗ್ರಾಮದಲ್ಲಿ ಇಳಿದು ಭೋಗನಂದೀಶ್ವರನ ದರ್ಶನವನ್ನು ಮಾಡಿದೆವು. ಒಂಬತ್ತನೆಯ ಶತಮಾನದಷ್ಟು ಹಳೆಯ ಈ ಸನ್ನಿಧಿಯಲ್ಲಿ ಶೃಂಗಿತೀರ್ಥವೆಂಬ ಪುಷ್ಕರಿಣಿಯುಂಟು. ನಾಲ್ಕು ಸುತ್ತಲೂ ಕಲ್ಲಿನ ಪಾವಟಿಗೆಗಳು, ಮೇಲೆ ಕೈಸಾಲೆ, ನಡುವೆ ನಿಶ್ಚಲವಾದ ಹಸಿರು ನೀರು. ನಂದಿಯು ತನ್ನ ಕೊಂಬಿನಿಂದ ಭೂಮಿಯನ್ನು ತಿವಿದು ಗಂಗೆಯನ್ನು ಬರಮಾಡಿದನೆಂದೂ, ಅದೇ ದಕ್ಷಿಣ ಪಿನಾಕಿನಿಯ ಮೂಲವೆಂದೂ ಸ್ಥಳದ ಹಿರಿಯರು ಹೇಳುವರು. “ಶೃಂಗವೆಂದರೆ ಕೊಂಬು” ಎಂದು ನಾವು ಮೊಮ್ಮಗನಿಗೆ ಹೇಳಿಕೊಟ್ಟೆವು. ಆ ಶಬ್ದವು ಮತ್ತೊಮ್ಮೆ ಅಂದೇ ಉಪಯೋಗಕ್ಕೆ ಬರುವುದೆಂದು ಆಗ ನಮಗೆ ತೋರಿರಲಿಲ್ಲ.

ಅಲ್ಲಿಂದ ಮುಂದೆ ದ್ರಾಕ್ಷಿಯ ಚಪ್ಪರಗಳನ್ನೂ ಹೂವಿನ ತೋಟಗಳನ್ನೂ ಹಿಪ್ಪುನೇರಳೆಯ ಹೊಲಗಳನ್ನೂ ಹಾದು, ಬಂಡೆಗಲ್ಲಿನ ಬೆಟ್ಟಗಳ ಕಡೆಗೆ ಸಾಗಿದೆವು. ಇನ್ನೂ ಅಣೆಕಟ್ಟು ಕಣ್ಣಿಗೆ ಬೀಳುವ ಮೊದಲೇ ಅದರ ಧ್ವನಿಯು ಕಿವಿಗೆ ಬಿದ್ದಿತು. ತಿರುವನ್ನು ದಾಟಿದೊಡನೆ ಎದುರಿನಲ್ಲಿ ಕಂಡ ದೃಶ್ಯವನ್ನು ಏನೆಂದು ಬಣ್ಣಿಸೋಣ! ಎರಡು ಕಡೆ ಬೆಟ್ಟದ ತೋಳುಗಳು. ಅವುಗಳ ನಡುವೆ ಕಲ್ಲಿನ ಕಟ್ಟಡದ ಗೋಡೆ. ಗೋಡೆಯ ನೆತ್ತಿಯಿಂದ ಬುಡದವರೆಗೆ ಇಳಿಜಾರಾದ ಕಲ್ಲುಗಳ ಮೇಲೆ ಎಡೆಬಿಡದೆ ಜಾರುತ್ತಿರುವ ಬಿಳಿಯ ನೀರು. ದೂರದಿಂದ ನೋಡುವವರಿಗೆ, ಒಗೆದು ಹರವಿದ ಮಲ್ಲಿನ ಸೀರೆಯು ಗಾಳಿಗೆ ನಡುಗುವಂತೆ ತೋರುತ್ತಿತ್ತು. ಹಿಂದೊಮ್ಮೆ ಬೇಸಿಗೆಯಲ್ಲಿ ಬಂದಾಗ ಇದೇ ಗೋಡೆಯು ಬಿಸಿಲಿಗೆ ಕಾದು ಮೌನವಾಗಿ ನಿಂತಿತ್ತು. ಅಂದು ಅದನ್ನು ನೋಡಲು ನಮ್ಮ ಹೊರತು ಯಾರೂ ಬಂದಿರಲಿಲ್ಲ. ಇಂದಾದರೋ ಜಾತ್ರೆಯಂತೆ ಜನ.

ಮೊಮ್ಮಗನು ಕೇಳಿದನು: “ತಾತ, ಅಷ್ಟು ನೀರು ತಳ್ಳಿದರೂ ಗೋಡೆ ಬೀಳುವುದಿಲ್ಲವೇಕೆ?” ಮೇಷ್ಟರಿಗೆ ಇದಕ್ಕಿಂತ ಬೇರೆ ಹಬ್ಬವುಂಟೆ? ನೀರು ತಳ್ಳುವ ಬಲವು ಅದರ ವಿಸ್ತಾರವನ್ನಲ್ಲ, ಆಳವನ್ನು ಅನುಸರಿಸಿರುವುದು. ಒಂದು ಮೀಟರಿನ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 1 ಟನ್ನಿನ ಒತ್ತಡ, 10 ಮೀಟರಿನ ಆಳದಲ್ಲಿ 10 ಟನ್ನಿನ ಒತ್ತಡ. ಆದುದರಿಂದಲೇ ಇಂತಹ ಗೋಡೆಗಳನ್ನು ನೆತ್ತಿಯಲ್ಲಿ ಕಿರಿದಾಗಿಯೂ ಬುಡದಲ್ಲಿ ಅಗಲವಾಗಿಯೂ ಕಟ್ಟುವರು. ಕಲ್ಲಿನ ತೂಕವೇ ಅದರ ಶಕ್ತಿ. ಹೆಚ್ಚಾದ ನೀರು ಮೇಲೆ ಹರಿದುಹೋಗುವಂತೆ ದಾರಿಯನ್ನು ಬಿಟ್ಟಿರುವುದು ಗೋಡೆಯ ದೌರ್ಬಲ್ಯವಲ್ಲ, ಅದರ ರಕ್ಷಣೆ. ಮಣ್ಣಿನ ಏರಿಯ ಮೇಲೆ ನೀರು ಹೀಗೆ ಉಕ್ಕಿದರೆ ಏರಿಯೇ ಕೊಚ್ಚಿಹೋಗುವುದು, ಕಲ್ಲುಗೋಡೆಯಾದರೆ ತಾಳಿಕೊಳ್ಳುವುದು.

ಬುತ್ತಿಯನ್ನು ಬಿಚ್ಚಿ ಕುಳಿತಾಗ ನಮಗೊಂದು ಶಿಲಾಶಾಸನದ ನೆನಪಾಯಿತು. ನಮ್ಮ ಈ ಬೆಟ್ಟಗಳಿಂದ ಇಳಿದ ಉತ್ತರ ಪಿನಾಕಿನಿಯ ಜಲಾನಯನದಲ್ಲಿಯೇ, ಕಡಪಾ ಜಿಲ್ಲೆಯ ಪೋರುಮಾಮಿಳ್ಳ ಎಂಬಲ್ಲಿ, ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಒಂದು ದೊಡ್ಡ ಕೆರೆಯನ್ನು ಕಟ್ಟಿಸಿ, 1369ರಲ್ಲಿ ಸಂಸ್ಕೃತದಲ್ಲಿ ಶಾಸನವನ್ನು ಬರೆಸಿದನು. ಸಾವಿರ ಮಂದಿ ಕೂಲಿಕಾರರೂ ನೂರು ಬಂಡಿಗಳೂ ಎರಡು ವರ್ಷ ದುಡಿದು ಅದನ್ನು ಮುಗಿಸಿದರಂತೆ. ಆ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಎಣಿಸಿ ಹೇಳಿದೆ. ಧರ್ಮಿಷ್ಠನಾದ ಯಜಮಾನ, ಜಲಶಾಸ್ತ್ರವನ್ನು ಬಲ್ಲ ಪಂಡಿತ, ಗಟ್ಟಿಯಾದ ನೆಲ, ಸಿಹಿನೀರಿನ ಹೊಳೆ, ಬೆಟ್ಟದ ಎರಡು ಭಾಗಗಳ ನಡುವೆ ಬಹಳ ಉದ್ದವಲ್ಲದ ಬಿಗಿಯಾದ ಕಲ್ಲುಕಟ್ಟೆ, ಅಗಲವೂ ಆಳವೂ ಆದ ಒಡಲು, ಹತ್ತಿರದಲ್ಲಿಯೇ ಒಳ್ಳೆಯ ಕಲ್ಲಿನ ಗಣಿ, ಕೆಲಸವನ್ನು ಬಲ್ಲ ಜನ ಮೊದಲಾದುವು ಅಂಗಗಳು. ಕಟ್ಟೆಯ ಎರಡು ತುದಿಗಳನ್ನು ಆ ಶಾಸನವು ಶೃಂಗಗಳೆಂದು ಕರೆಯುವುದು. “ಕೊಂಬು!” ಎಂದು ಮೊಮ್ಮಗನು ಕೂಗಿದನು. ಎದುರಿನ ಗೋಡೆಯ ಎರಡು ತುದಿಗಳು ಬೆಟ್ಟಕ್ಕೆ ನಾಟಿಕೊಂಡಿರುವುದನ್ನು ತೋರಿಸಿದೆವು. ಆರುನೂರು ವರ್ಷಗಳ ಹಿಂದಿನ ಪಂಡಿತನು ಈ ಸ್ಥಳವನ್ನು ಕಂಡಿದ್ದರೆ ತಲೆದೂಗುತ್ತಿದ್ದನೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಇನ್ನು ದೋಷಗಳು. ಕಟ್ಟೆಯಲ್ಲಿ ನೀರು ಜಿನುಗುವುದು, ಚೌಳು ನೆಲ, ಒಡಲಿನ ನಡುವೆ ದಿಣ್ಣೆ, ನೀರು ಹೆಚ್ಚಾಗಿ ಹೊಲ ಕಡಿಮೆಯಾಗುವುದು, ಇವು ನಾಲ್ಕು. ಉಳಿದ ಎರಡನ್ನು ಹೇಳುವಾಗ ನಮ್ಮ ಹಳೆಯ ವಿದ್ಯಾರ್ಥಿಯ ಮುಖವು ಮತ್ತೆ ಎದುರಿಗೆ ನಿಂತಿತು. ಒಂದು, ಎರಡು ರಾಜ್ಯಗಳ ಗಡಿಯಲ್ಲಿರುವುದು. ಮತ್ತೊಂದು, ನೀರು ಅಲ್ಪವಾಗಿ ಹೊಲ ವಿಸ್ತಾರವಾಗಿರುವುದು. ನಮ್ಮ ಸೀಮೆಯ ಕಥೆಯು ಈ ಎರಡು ವಾಕ್ಯಗಳಲ್ಲಿ ಅಡಗಿದೆಯಲ್ಲವೆ?

ಗಡಿಯ ಮಾತನ್ನು ಮೊದಲು ನೋಡೋಣ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದ್ರಾಸು ಸರ್ಕಾರಕ್ಕೂ ಒಂದು ಒಪ್ಪಂದವಾಯಿತು. ಅದರಲ್ಲಿ ಹೆಸರಿಸಿದ ಹದಿನೈದು ನದಿಗಳ ಮೇಲೆ ಮದ್ರಾಸಿನ ಸಮ್ಮತಿಯಿಲ್ಲದೆ ಮೈಸೂರು ಹೊಸದಾಗಿ ನೀರಾವರಿಯ ಜಲಾಶಯವನ್ನು ಕಟ್ಟಕೂಡದಾಗಿತ್ತು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಪಾಲಾರ್ ಈ ಐದೂ ಆ ಪಟ್ಟಿಯಲ್ಲಿದ್ದುವು. ಕೆಳಗಿನ ಊರಿನವರಿಗೆ ತಮ್ಮ ಹಳೆಯ ಕೆರೆಗಳು ಬತ್ತುವುವೆಂಬ ಭಯವಿದ್ದುದು ಸಹಜವೇ. ತಾಯಿಗೂ ಮಗಳು ಬೇಕು, ಅತ್ತೆಗೂ ಸೊಸೆ ಬೇಕು.

ಅಲ್ಪಜಲದ ಮಾತು ಇನ್ನೂ ಕಠಿನವಾದುದು. ನಮ್ಮ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯೊಂದೂ ಇಲ್ಲ. ಹಿಂದಿನವರು ಇದನ್ನರಿತು, ಒಂದು ಕೆರೆಯ ಕೋಡಿಯು ಕೆಳಗಿನ ಕೆರೆಯ ಒಡಲಿಗೆ ಬೀಳುವಂತೆ ಸರಮಾಲೆಯಾಗಿ ಸಾವಿರಾರು ಕೆರೆಗಳನ್ನು ಕಟ್ಟಿದರು. ನಮ್ಮ ಕಾಲದಲ್ಲಿ ಕೆರೆಗಳು ಹೂಳಿನಿಂದ ತುಂಬಿದುವು, ಕಾಲುವೆಗಳು ಮುಚ್ಚಿದುವು. ನಾವು ಕೊಳವೆಬಾವಿಗಳನ್ನು ನೆಚ್ಚಿದೆವು. ಸಾವಿರ ಅಡಿಗಳಿಗೂ ಕೆಳಗೆ ಕೊರೆದು ತೆಗೆದ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಎಂಬ ಲವಣಾಂಶವು ಮಿತಿಮೀರಿರುವುದು. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚಾದರೆ ಅದು ಕುಡಿಯಲು ತಕ್ಕುದಲ್ಲ. ಮಕ್ಕಳ ಹಲ್ಲುಗಳು ಕಂದುವುವು, ಬಹುಕಾಲ ಕುಡಿದರೆ ಮೂಳೆಗಳು ಬಾಗುವುವು. ಕಂದಿದ ಹಲ್ಲುಗಳ ಎಷ್ಟೋ ನಗುಮುಖಗಳನ್ನು ನಾವು ತರಗತಿಯಲ್ಲಿ ಕಂಡಿದ್ದೇವೆ. ಈಚೆಗೆ ಬೆಂಗಳೂರಿನಲ್ಲಿ ಬಳಸಿ ಬಿಟ್ಟ ನೀರನ್ನು ಶುದ್ಧಗೊಳಿಸಿ, ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯ ಮೂಲಕ ನಮ್ಮ ಕೆರೆಗಳಿಗೆ ಹರಿಯಿಸಿರುವರು. ನದಿಗಳ ತವರುಮನೆಗೆ ಪಟ್ಟಣದ ಬಳಸಿದ ನೀರು ಬರುವ ಕಾಲವು ಬಂದಿತೆಂದರೆ, ಆಗಸದಿಂದ ಬಿದ್ದ ಶುದ್ಧವಾದ ಹನಿಯ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕೆ?

ಊಟವಾದ ಬಳಿಕ ಮೊಮ್ಮಗನು ಗೋಡೆಯ ಬುಡಕ್ಕೆ ಓಡಿದನು. ಕೆಲವರು ತರುಣರು ನೀರು ಜಾರುವ ಕಲ್ಲುಗಳ ಮೇಲೆಯೇ ಕಾಲಿಟ್ಟು ಮೇಲೇರುವ ಸಾಹಸದಲ್ಲಿದ್ದರು. ಹುಡುಗನಿಗೂ ಆಸೆ, ಒಂದು ಕಾಲು ಕಲ್ಲಿನ ಮೇಲೆ ಇಟ್ಟೇಬಿಟ್ಟಿದ್ದನು. ನಮ್ಮ ಮಗಳು ಅವನ ಕೈಯನ್ನು ಹಿಡಿದು ಹಿಂದಕ್ಕೆಳೆದಳು. ಅದೇ ವರ್ಷದ ಮೇ ತಿಂಗಳಿನಲ್ಲಿ ಒಬ್ಬ ತರುಣನು ಇದೇ ಗೋಡೆಯನ್ನೇರಲು ಹೋಗಿ, ಸುಮಾರು 50 ಅಡಿಗಳ ಎತ್ತರದಿಂದ ಜಾರಿಬಿದ್ದು ಗಾಯಗೊಂಡಿದ್ದನು. ಪಾಚಿಗಟ್ಟಿದ ಕಲ್ಲು ಬಲಶಾಲಿಯನ್ನೂ ದುರ್ಬಲನನ್ನೂ ಒಂದೇ ಸಮನಾಗಿ ಕೆಡವುವುದು. ಹುಡುಗನು ಮುಖವನ್ನು ಊದಿಸಿಕೊಂಡು ಕುಳಿತನು. ಆಗ ನಾವು, “ಮಗು, ಮನೆಯಲ್ಲಿ ಕುಡಿಯುವ ನೀರಿನ ಕೊಡದ ಮೇಲೆ ಯಾರಾದರೂ ಕಾಲಿಟ್ಟು ಹತ್ತುವರೆ?” ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, ಪಕ್ಕದಲ್ಲಿ ಯಾರೋ ಎಸೆದಿದ್ದ ಪ್ಲಾಸ್ಟಿಕ್ ಸೀಸೆಗಳನ್ನು ಆಯ್ದು ನಮ್ಮ ಬುತ್ತಿಯ ಚೀಲಕ್ಕೆ ತುಂಬತೊಡಗಿದನು.

ಹಿಂದಿರುಗುವಾಗ ಮುದ್ದೇನಹಳ್ಳಿಯ ಮೇಲೆ ಬಂದೆವು. 1861ರಲ್ಲಿ ಜನಿಸಿ 1962ರಲ್ಲಿ ಕಾಲವಾದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹುಟ್ಟೂರೂ ಸಮಾಧಿಸ್ಥಳವೂ ಇದೇ. ಪುಣೆಯ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ 1903ರಲ್ಲಿ ಅವರು ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ಕೋಡಿಯ ಮೇಲೆ ಹರಿದುಹೋಗುತ್ತಿದ್ದ ನೀರಿನಲ್ಲಿ ಇನ್ನೂ ಕೆಲವು ಅಡಿಗಳಷ್ಟನ್ನು ಅವು ತಡೆದು ನಿಲ್ಲಿಸುವುವು. ಪ್ರವಾಹವು ಮಿತಿಮೀರಿದಾಗ ತಾವಾಗಿಯೇ ತೆರೆದುಕೊಳ್ಳುವುವು. ಗೋಡೆಯನ್ನು ಎತ್ತರಿಸದೆಯೇ ಜಲಾಶಯವು ಹೆಚ್ಚು ನೀರನ್ನು ಹಿಡಿಯಿತು. ಬೇಸಿಗೆಯಲ್ಲಿ ನೀರಿಗಾಗಿ ಬಾಯಿಬಿಡುವ ಊರಿನಲ್ಲಿ ಹುಟ್ಟಿದ ಮಗುವಿಗೆ ಹರಿದುಹೋಗುವ ನೀರು ಸುಮ್ಮನೆ ಹೋಗುವುದನ್ನು ನೋಡಲಾಗಲಿಲ್ಲವೋ ಏನೋ ಎಂದು ನಮಗೆ ಅನ್ನಿಸಿತು.

ಸೋದರ ಸೋದರಿಯರೇ, ಮಳೆಗಾಲವು ಮುಗಿಯುವ ಹೊತ್ತಿಗೆ ನೀವೂ ಮಕ್ಕಳನ್ನು ಕರೆದುಕೊಂಡು ಶ್ರೀನಿವಾಸಸಾಗರವನ್ನು ನೋಡಿಬನ್ನಿರಿ. ಗೋಡೆಯನ್ನು ದೂರದಿಂದಲೇ ಕಣ್ತುಂಬ ನೋಡಿರಿ. ಒಯ್ದ ವಸ್ತುಗಳಲ್ಲಿ ಒಂದನ್ನಾದರೂ ಅಲ್ಲಿ ಬಿಟ್ಟುಬರಬೇಡಿರಿ. ಸಾಧ್ಯವಾದರೆ ಬೇಸಿಗೆಯಲ್ಲಿಯೂ ಒಮ್ಮೆ ಹೋಗಿರಿ. ತುಂಬಿದಾಗ ಕಂಡವರಿಗೆ ಸಂತೋಷವಾಗುವುದು. ಬರಿದಾದಾಗ ಕಂಡವರು ಮನೆಗೆ ಬಂದು ನಲ್ಲಿಯನ್ನು ಬೇಗ ನಿಲ್ಲಿಸುವರು.

ಆ ಹುಡುಗನು ಇಂದು ನಮ್ಮ ಮುಂದೆ ಕುಳಿತಿದ್ದರೆ ನಾವು ಹೀಗೆ ಹೇಳುತ್ತಿದ್ದೆವು: ಅಪ್ಪಾ, ಮಗಳು ಅತ್ತೆಯ ಮನೆಗೆ ಹೋಗಲೇಬೇಕು; ಅದನ್ನು ತಡೆಯುವ ಹಕ್ಕು ನಮಗಿಲ್ಲ. ಆದರೆ ನಾಲ್ಕು ದಿನ ತವರಿನಲ್ಲಿರಿಸಿಕೊಂಡು, ಮಡಿಲು ತುಂಬಿ, ಗೌರವದಿಂದ ಕಳುಹಿಸುವುದು ತಾಯಿಯ ಮನೆಯ ಧರ್ಮ. ಕೆರೆಯೆಂದರೂ ಅಣೆಕಟ್ಟೆಂದರೂ ಆ ನಾಲ್ಕು ದಿನಗಳೇ. ಅಷ್ಟನ್ನು ನಾವು ಹಿರಿಯರು ಸರಿಯಾಗಿ ಮಾಡಲಿಲ್ಲ. ಆದುದರಿಂದ ನಿನ್ನ ತಾಯಿ ಎರಡು ಮೈಲಿ ನಡೆದಳು. ನೀನು ಕೇಳಿದ ಪ್ರಶ್ನೆಯು ಸರಿಯಾಗಿತ್ತು. ನಾವು ನಗಿಸಬಾರದಾಗಿತ್ತು.