ಪಾಸ್‌ವರ್ಡ್ ತಪ್ಪು ಎಂದು ಬಂದರೆ ಫಾರ್ಮ್ಯಾಟ್‌ಗೆ ಓಡಬೇಡಿ

ನಮ್ಮಲ್ಲಿ ಹಲವರ ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಅಬ್ಬಾ ಅವರ ಅಂಗಡಿಯ ಟ್ಯಾಲಿ ಲೆಕ್ಕ, ಆಪಾಳ ಸ್ಕಾಲರ್‌ಶಿಪ್ ದಾಖಲೆ, ತಮ್ಮನ ಪ್ರಾಜೆಕ್ಟ್ ಎಲ್ಲವೂ ಅದರೊಳಗೇ. ಒಂದು ದಿನ ‘ಪಾಸ್‌ವರ್ಡ್ ತಪ್ಪಾಗಿದೆ’ ಎಂದು ಬಂದರೆ ದೇವನೂರಿನಿಂದ ನಂಜನಗೂಡಿಗೆ ಸಿಪಿಯು ಹೊತ್ತುಕೊಂಡು ಹೋಗುತ್ತೇವೆ. ರಿಪೇರಿಯವರು ‘ಫಾರ್ಮ್ಯಾಟ್ ಮಾಡ್ಬೇಕು’ ಅಂದರೆ ‘ಹೂಂ’ ಅನ್ನುತ್ತೇವೆ. ನಮ್ಮ ನೆಂಟರೊಬ್ಬರು ಹೀಗೆ ಮಾಡಿಸಿ ಎರಡು ವರ್ಷದ ಅಂಗಡಿ ಲೆಕ್ಕವನ್ನೇ ಕಳೆದುಕೊಂಡರು. ಫಾರ್ಮ್ಯಾಟ್ ಕೊನೆಯ ದಾರಿ. ಅದಕ್ಕೂ ಮೊದಲು ವಿಂಡೋಸ್ 10 ಅಥವಾ 11 ಇರುವವರು ಇವನ್ನು ಒಂದೊಂದಾಗಿ ನೋಡಿ.

1. ಕ್ಯಾಪ್ಸ್ ಲಾಕ್: ಪಾಸ್‌ವರ್ಡ್‌ನಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಬೇರೆ ಬೇರೆ. ಕ್ಯಾಪ್ಸ್ ಲಾಕ್ ಆನ್ ಆಗಿದ್ದರೆ ಆಫ್ ಮಾಡಿ.

2. ನಮ್ ಲಾಕ್: ಇದು ಆಫ್ ಆಗಿದ್ದರೆ ಕೀಬೋರ್ಡಿನ ಬಲಗಡೆಯ ಅಂಕಿಗಳು ಬೀಳುವುದೇ ಇಲ್ಲ. ಮೇಲಿನ ಸಾಲಿನ ಅಂಕಿಗಳನ್ನು ಒತ್ತಿ ನೋಡಿ.

3. ಭಾಷೆ: ನಮ್ಮ ಮನೆಯಲ್ಲಿ ಇಂಗ್ಲಿಷ್, ಕನ್ನಡ, ಉರ್ದು ಮೂರೂ ಕೀಬೋರ್ಡ್ ಹಾಕಿದ್ದೇವೆ. ಉರ್ದು ಅಥವಾ ಕನ್ನಡದಲ್ಲಿದ್ದರೆ ಅದೇ ಕೀ ಒತ್ತಿದರೂ ಬೇರೆ ಅಕ್ಷರ ಬೀಳುತ್ತದೆ. ಪರದೆಯಲ್ಲಿ ಬರೀ ಚುಕ್ಕಿ ಕಾಣುವುದರಿಂದ ನಮಗೆ ತಿಳಿಯುವುದಿಲ್ಲ. ಲಾಗಿನ್ ಪರದೆಯ ಬಲ ಕೆಳಮೂಲೆಯಲ್ಲಿ ಭಾಷೆಯ ಗುರುತಿರುತ್ತದೆ. ಅದನ್ನು ಒತ್ತಿ ಇಂಗ್ಲಿಷ್ ಆರಿಸಿ. ನುಡಿ ತಂತ್ರಾಂಶವನ್ನು ದೂರಬೇಡಿ, ಅದು ಕೆಲಸ ಮಾಡುವುದು ಲಾಗಿನ್ ಆದ ಮೇಲೆ.

4. ಕೆಟ್ಟ ಕೀ: ಧೂಳು ಕೂತು ಒಂದು ಕೀ ಕೆಲಸ ಮಾಡದಿರಬಹುದು. ಪಾಸ್‌ವರ್ಡ್ ಜಾಗದ ಪಕ್ಕದ ಕಣ್ಣಿನ ಗುರುತನ್ನು ಒತ್ತಿದರೆ ಏನು ಬಿದ್ದಿದೆ ಎಂದು ಕಾಣುತ್ತದೆ. ಅದೇ ಪರದೆಯ ಕೆಳಗಿನ ಆಕ್ಸೆಸಿಬಿಲಿಟಿ ಗುರುತಿನಲ್ಲಿ ಆನ್‌ಸ್ಕ್ರೀನ್ ಕೀಬೋರ್ಡ್ ಸಿಗುತ್ತದೆ, ಮೌಸ್‌ನಿಂದಲೇ ಟೈಪ್ ಮಾಡಬಹುದು.

ಇಷ್ಟಾದರೂ ಆಗದಿದ್ದರೆ ಪಾಸ್‌ವರ್ಡ್ ನಿಜವಾಗಿಯೂ ಮರೆತುಹೋಗಿದೆ. ಆಗ ಖಾತೆ ಯಾವ ಬಗೆಯದು ಎಂದು ನೋಡಬೇಕು. ಇಮೇಲ್ ಹಾಕಿ ತೆರೆದ ಮೈಕ್ರೋಸಾಫ್ಟ್ ಖಾತೆಯಾದರೆ ಮೊಬೈಲ್‌ನಲ್ಲಿ ಮೈಕ್ರೋಸಾಫ್ಟ್ ವೆಬ್‌ಸೈಟಿಗೆ ಹೋಗಿ ಹೊಸ ಪಾಸ್‌ವರ್ಡ್ ಮಾಡಿಕೊಳ್ಳಬಹುದು. ಖಾತೆಗೆ ಕೊಟ್ಟಿದ್ದ ಫೋನ್ ನಂಬರ್ ಅಥವಾ ಇನ್ನೊಂದು ಇಮೇಲ್‌ಗೆ ಕೋಡ್ ಬರುತ್ತದೆ. ಆಮೇಲೆ ಕಂಪ್ಯೂಟರಿಗೆ ಇಂಟರ್ನೆಟ್ ಜೋಡಿಸಿ ಹೊಸದನ್ನು ಹಾಕಿ. ಇಮೇಲ್ ಇಲ್ಲದ ಲೋಕಲ್ ಖಾತೆಯಾದರೆ, ಒಮ್ಮೆ ತಪ್ಪು ಪಾಸ್‌ವರ್ಡ್ ಹಾಕಿದಾಗ ಕೆಳಗೆ ‘ರೀಸೆಟ್ ಪಾಸ್‌ವರ್ಡ್’ ಎಂದು ಬರಬಹುದು. ಖಾತೆ ತೆರೆಯುವಾಗ ಕೊಟ್ಟ ಮೂರು ಭದ್ರತಾ ಪ್ರಶ್ನೆಗಳ ಉತ್ತರ ಹೇಳಿದರೆ ದಾರಿ ತೆರೆಯುತ್ತದೆ. ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆ ಇದ್ದರೆ ಅದರಿಂದಲೂ ಬದಲಿಸಬಹುದು.

ಯಾವುದೂ ಆಗದೆ ಅಂಗಡಿಗೇ ಹೋಗಬೇಕಾದರೆ, ‘ಮೊದಲು ಫೈಲ್‌ಗಳನ್ನು ಕಾಪಿ ಮಾಡಿಕೊಡಿ, ಆಮೇಲೆ ಫಾರ್ಮ್ಯಾಟ್’ ಎಂದು ಸ್ಪಷ್ಟವಾಗಿ ಹೇಳಿ. ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಮಾತ್ರ 48 ಅಂಕಿಗಳ ರಿಕವರಿ ಕೀ ಇಲ್ಲದೆ ಆ ಫೈಲ್‌ಗಳು ಯಾರಿಗೂ ಸಿಗುವುದಿಲ್ಲ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ತಾನಾಗಿಯೇ ಬಿದ್ದಿರುತ್ತದೆ. ಅಂಥ ಕಡೆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ.

1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದು ಕಂಪ್ಯೂಟರನ್ನು ಹಲವರು ಹಂಚಿಕೊಳ್ಳಬೇಕಾಗಿತ್ತು. ಒಬ್ಬರ ಫೈಲ್ ಇನ್ನೊಬ್ಬರ ಕೈಗೆ ಸಿಗಬಾರದೆಂದು ಫರ್ನಾಂಡೊ ಕೊರ್ಬಾಟೊ ಅವರ ತಂಡ ಅಲ್ಲಿ ಪಾಸ್‌ವರ್ಡ್ ತಂದಿತು. ನಮ್ಮ ಮನೆಗಳ ಸ್ಥಿತಿಯೂ ಅದೇ ಅಲ್ಲವೇ? ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸಿದರೆ ಒಬ್ಬರು ಬದಲಿಸಿದ ದಿನ ಎಲ್ಲರೂ ಹೊರಗೆ. ಪ್ರತಿಯೊಬ್ಬರಿಗೂ ಬೇರೆ ಖಾತೆ ಮಾಡಿಕೊಡಿ.

ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಖಾತೆಗೆ ಜೋಡಿಸಿದ ಫೋನ್ ನಂಬರ್ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ರಿಕವರಿ ಕೀ ಇದ್ದರೆ ಕಾಗದದಲ್ಲಿ ಬರೆದು ಮನೆಯ ದಾಖಲೆಗಳ ಜೊತೆ ಇಡಿ. ಟ್ಯಾಲಿ ಲೆಕ್ಕವನ್ನೂ ಅಂಕಪಟ್ಟಿಗಳನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಲೆಡ್ಜರ್ ಬರೆದು ಬ್ಯಾಲೆನ್ಸ್ ಮಾಡುವುದನ್ನು ಕಲಿಯುತ್ತಿರುವ ನಾವು, ಲೆಕ್ಕವನ್ನು ಕಾಪಾಡುವುದನ್ನೂ ಕಲಿಯಬೇಕು.