ಜೆನಿಫರ್ ಎಂಬ ಹೆಸರಿನ ಮೂಲವೂ ಪ್ರಚಾರವೂ

ಇಂಗ್ಲಿಷರ ಸ್ತ್ರೀನಾಮಗಳಲ್ಲಿ ಜೆನಿಫರ್ ಎಂಬುದು ನೋಟಕ್ಕೆ ಹೊಸದಾದರೂ ಹುಟ್ಟಿನಿಂದ ಬಹು ಹಳೆಯದು. ಆರ್ಥರ್ ರಾಜನ ರಾಣಿಗೆ ವೇಲ್ಸಿನವರ ಭಾಷೆಯಲ್ಲಿ ಗ್ವೆನ್‌ಹ್ವಿವರ್ ಎಂದು ಹೆಸರು. ಇದು ಫ್ರೆಂಚ್ ಕಥೆಗಳ ಮೂಲಕ ಇಂಗ್ಲಿಷಿಗೆ ಬಂದು ಗ್ವಿನೆವಿಯರ್ ಎಂದಾಯಿತು. ಕಾರ್ನ್‌ವಾಲ್ ಸೀಮೆಯವರ ಬಾಯಲ್ಲಿ ಜೆನಿಫರ್ ಎಂದು ನಿಂತಿತು.

ಮೂಲರೂಪದ ಪೂರ್ವಪದವಾದ ಗ್ವೆನ್ ಎಂಬುದಕ್ಕೆ ಬಿಳುಪು, ಚೆಲುವು ಎಂದರ್ಥ. ಉತ್ತರಪದಕ್ಕೆ ಮಾಯಾರೂಪವೆಂಬ ಅರ್ಥವನ್ನು ವಿದ್ವಾಂಸರು ಸಾಮಾನ್ಯವಾಗಿ ಹೇಳುವರು. ಐರ್ಲೆಂಡಿನ ಪ್ರಾಚೀನ ಕಥೆಗಳಲ್ಲಿ ಮೇವ್ ರಾಣಿಯ ಮಗಳಾದ ಫಿನ್ನವರ್ ಎಂಬವಳ ಹೆಸರು ಇದರ ಜ್ಞಾತಿಪದ. ಗ್ವೆನ್ ಎಲ್ಲಿ, ಫಿನ್ ಎಲ್ಲಿ ಎಂದು ಶಂಕಿಸಬೇಕಾದುದಿಲ್ಲ. ಮೂಲ ಕೆಲ್ಟಿಕ್ ಭಾಷೆಯ ಪದಾದಿ ವಕಾರವು ವೇಲ್ಸಿನಲ್ಲಿ ‘ಗ್ವ’ ಆಗಿಯೂ ಐರಿಷಿನಲ್ಲಿ ‘ಫ’ ಆಗಿಯೂ ಪರಿಣಮಿಸುವುದು ನಿಯತ. ಸಂಸ್ಕೃತದ ‘ವಿಧವಾ’ ಶಬ್ದಕ್ಕೆ ಜ್ಞಾತಿಯಾದುದು ಅಲ್ಲಿ ಗ್ವೆದು, ಪ್ರಾಚೀನ ಐರಿಷಿನಲ್ಲಿ ಫೆದ್ವ್. ಪಾಲು ಹಾಲಾದುದನ್ನು ಬಲ್ಲ ಕನ್ನಡಿಗರಿಗೆ ಇಂತಹ ಮಾರ್ಪಾಟು ವಿಚಿತ್ರವಲ್ಲ.

ಕಾರ್ನ್‌ವಾಲಿನ ಹೊರಗೆ ಈ ಹೆಸರು ಬಹುಕಾಲ ಅಪರಿಚಿತವಾಗಿಯೇ ಇದ್ದಿತು. 1906ರಲ್ಲಿ ಬರ್ನಾರ್ಡ್ ಷಾ ‘ದಿ ಡಾಕ್ಟರ್ಸ್ ಡೈಲೆಮ’ ನಾಟಕದ ನಾಯಿಕೆಗೆ ಇದನ್ನಿಟ್ಟನು. ಹೆಸರು ವಿಚಿತ್ರವೆಂದು ವೈದ್ಯನು ಹೇಳಲು, ತಾನು ಕಾರ್ನ್‌ವಾಲಿನವಳೆಂದೂ ಇದು ಗ್ವಿನೆವಿಯರ್ ಎಂಬುದೇ ಎಂದೂ ಆಕೆ ತಿಳಿಸುತ್ತಾಳೆ. ಅಂದಿನ ಪ್ರೇಕ್ಷಕರಿಗೆ ವಿವರಣೆ ಬೇಕಾಗಿದ್ದಿತೆಂಬುದಕ್ಕೆ ಇಷ್ಟೇ ಸಾಕ್ಷಿ ಸಾಕು. ಆ ಬಳಿಕ ಹೆಸರು ಮೊದಲು ಬ್ರಿಟನ್ನಿನಲ್ಲಿಯೂ ಅನಂತರ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿಯೂ ಹಬ್ಬಿತು. ಅಲ್ಲಿ 1970ರಿಂದ 1984ರ ವರೆಗೆ ಹೆಣ್ಣುಮಕ್ಕಳಿಗಿಟ್ಟ ಹೆಸರುಗಳಲ್ಲಿ ಇದಕ್ಕೇ ಅಗ್ರಸ್ಥಾನ.

ಈ ಉನ್ನತಿಗೆ ಎರಿಕ್ ಸೀಗಲನ ‘ಲವ್ ಸ್ಟೋರಿ’ ಕಾರಣವೆಂಬ ಮಾತುಂಟು; ಅದರ ನಾಯಿಕೆಯ ಹೆಸರೂ ಜೆನಿಫರ್ ಎಂದೇ. ಸಾಹಿತ್ಯಪ್ರಿಯರಿಗೆ ಹಿತವಾದ ಈ ಮಾತನ್ನು ಕಾಲಗಣನೆ ಒಪ್ಪುವುದಿಲ್ಲ. ಕಾದಂಬರಿ ಪ್ರಕಟವಾದುದು 1970ರ ಫೆಬ್ರವರಿಯಲ್ಲಿ, ಅದರ ಚಲಚ್ಚಿತ್ರ ಬಂದುದು ಅದೇ ವರ್ಷದ ಡಿಸೆಂಬರಿನಲ್ಲಿ. ಹೆಸರಾದರೋ 1969ರಲ್ಲಿಯೇ ಮೂರನೆಯ ಸ್ಥಾನಕ್ಕೆ ಏರಿದ್ದಿತು. ಆಗಲೇ ಹಬ್ಬಿದ್ದ ಹೆಸರಿಗೆ ಕೃತಿಯು ಬಲಕೊಟ್ಟಿರಬಹುದೆನ್ನುವುದಷ್ಟೇ ಯುಕ್ತ.

ಗ್ವಿನೆವಿಯರ್ ಎಂಬ ರೂಪಕ್ಕೆ ಇಂತಹ ಪ್ರಚಾರ ಎಂದೂ ಒದಗಲಿಲ್ಲವೆಂಬುದು ಗಮನಾರ್ಹ. ಆ ಹೆಸರಿನೊಡನೆ ಲಾನ್ಸ್‌ಲಾಟನ ಪ್ರಣಯವೂ ಆರ್ಥರನ ಅವಸಾನವೂ ನೆನಪಿಗೆ ಬರುವುವು. ಜೆನಿಫರ್ ಎಂದಾಗ ಅವಾವುವೂ ನೆನಪಾಗವು. ಮಗುವಿಗೆ ಹೆಸರಿಡುವವರಿಗೆ ಈ ಮರೆವೇ ಅನುಕೂಲವಾಗಿದ್ದಿರಬೇಕು. 1985ರಲ್ಲಿ ಅಗ್ರಸ್ಥಾನವು ಜೆಸಿಕ ಎಂಬ ಹೆಸರಿಗೆ ಸಂದಿತು. ಅದು ಷೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಶೈಲಾಕನ ಮಗಳ ಹೆಸರು.